ಹಾಸನದ ನೆತ್ತಿಯ ಮೇಲಿನ ವಿಮಾನದಾರಿ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ, ಅದು ಹಾಸನ ಪಟ್ಟಣದಿಂದ ತುಸು ಉತ್ತರಕ್ಕೆ ಹಾದುಹೋಗುತ್ತದೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮೂರೂ ಗೆರೆಯ ದಕ್ಷಿಣಕ್ಕೆ ಉಳಿಯುತ್ತವೆ. ಗೆರೆಯ ಉದ್ದವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಎರಡೂ ನಿಲ್ದಾಣಗಳು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ರೇಖಾಂಶದ ಅಂತರ 2.82 ಡಿಗ್ರಿ. ಸಮಭಾಜಕದ ಮೇಲೆ ಒಂದು ಡಿಗ್ರಿ ರೇಖಾಂಶಕ್ಕೆ 111 ಕಿ.ಮೀ. ಧ್ರುವದತ್ತ ಹೋದಂತೆ ರೇಖೆಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ನಮ್ಮಲ್ಲಿ ಅದು 108.5 ಕಿ.ಮೀ. ಗುಣಿಸಿದರೆ ಸುಮಾರು 306.

ಗಂಟೆಗೆ 800 ಕಿ.ಮೀ. ಹಾರುವ ಜೆಟ್ ಇಷ್ಟು ದೂರವನ್ನು 23 ನಿಮಿಷದಲ್ಲಿ ಮುಗಿಸಬೇಕು. ವೇಳಾಪಟ್ಟಿಯಲ್ಲಿ ಮಾತ್ರ ಸುಮಾರು ಒಂದು ಗಂಟೆ ಇರುತ್ತದೆ. ಕಾರಣ, ಅಲ್ಲಿ ಬರೆಯುವುದು ಬರೀ ಹಾರಾಟದ ಸಮಯವಲ್ಲ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಇನ್ನೊಂದೂರಿನಲ್ಲಿ ನಿಲ್ಲುವವರೆಗಿನ ಸಮಯ. ರನ್‌ವೇವರೆಗಿನ ನಿಧಾನದ ಓಟ, ಸರದಿಗಾಗಿ ಕಾಯುವುದು ಎಲ್ಲವೂ ಅದರೊಳಗೇ ಸೇರುತ್ತವೆ.

ಇಳಿಯುವ ಬಗೆ ಇನ್ನೂ ಸ್ವಾರಸ್ಯದ್ದು. ಪ್ರಯಾಣಿಕರ ವಿಮಾನ ಸಾಮಾನ್ಯವಾಗಿ ಸುಮಾರು ಮೂರು ಡಿಗ್ರಿ ಇಳಿಜಾರಿನಲ್ಲಿ ಕೆಳಗಿಳಿಯುತ್ತದೆ. ಆರು ಕಿ.ಮೀ. ಎತ್ತರದಲ್ಲಿದ್ದರೆ ನೆಲ ಮುಟ್ಟಲು ಸುಮಾರು 115 ಕಿ.ಮೀ. ದಾರಿ ಬೇಕು. ಅಂದರೆ ಹಾಸನ ದಾಟಿದ ಕೂಡಲೇ, ಆಲೂರಿನ ಆಸುಪಾಸಿನಲ್ಲೇ, ಮಂಗಳೂರಿಗೆ ಇಳಿಯಲು ಶುರು ಮಾಡಬೇಕು. ಒಂಬತ್ತು ಕಿ.ಮೀ.ಗೆ ಏರಿದ್ದರಂತೂ ಚನ್ನರಾಯಪಟ್ಟಣದ ನೇರದಲ್ಲೇ! ಹೀಗೆ ಇಡೀ ಪಯಣ ಏರುವುದರಲ್ಲಿ, ಇಳಿಯುವುದರಲ್ಲಿ ಕಳೆದುಹೋಗಿ, ಪೂರ್ಣ ವೇಗದಲ್ಲಿ ಹಾರುವುದು ಕೆಲವೇ ನಿಮಿಷ. ಆದ್ದರಿಂದ ಇಂಥ ಹತ್ತಿರದ ಊರುಗಳ ನಡುವೆ, ಗಂಟೆಗೆ 500 ಕಿ.ಮೀ. ಹಾರುವ, ರೆಕ್ಕೆಯಲ್ಲಿ ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನ ಜೆಟ್‌ಗಿಂತ ಹೆಚ್ಚೇನೂ ಹಿಂದೆ ಬೀಳುವುದಿಲ್ಲ. ಇಂಧನವೂ ಕಡಿಮೆ ಸಾಕು.

ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣ ಈ ಭಾಗದ ಜನರ ಬಹುಕಾಲದ ಆಸೆ. ಅಲ್ಲಿಂದ ಕೆಂಪೇಗೌಡ ನಿಲ್ದಾಣಕ್ಕೆ ನೇರ ದೂರ ಸುಮಾರು 175 ಕಿ.ಮೀ. ಮಾತ್ರ. ಅರಕಲಗೂಡಿನವರು ಮೊದಲು 30 ಕಿ.ಮೀ. ಹಾಸನಕ್ಕೆ ಬಂದು, ಒಂದು ಗಂಟೆ ಮುಂಚೆ ನಿಲ್ದಾಣ ಸೇರಿ, ಹಾರಿ, ಇಳಿದು, ಮತ್ತೆ ದೇವನಹಳ್ಳಿಯ ಕಡೆಯಿಂದ ಬೆಂಗಳೂರು ನಗರಕ್ಕೆ ಬರುವ ಹೊತ್ತಿಗೆ ಹೆದ್ದಾರಿಯ ಬಸ್ಸೂ ಹತ್ತಿರ ಬಂದಿರುತ್ತದೆ. ಚನ್ನರಾಯಪಟ್ಟಣದವರಂತೂ ಪಶ್ಚಿಮಕ್ಕೆ ಹಾಸನದವರೆಗೆ ಹೋಗಿ, ಮತ್ತೆ ಪೂರ್ವಕ್ಕೆ ತಮ್ಮೂರನ್ನೇ ದಾಟಿ ಹಾರಬೇಕು.

ಮುಂಬೈಯ ಲೆಕ್ಕವೇ ಬೇರೆ. ಹಾಸನದಿಂದ ನೇರ ದೂರ ಸುಮಾರು 750 ಕಿ.ಮೀ.; ಹೈದರಾಬಾದಿಗೆ 530. ಅಲ್ಲಿಗೆ ರಸ್ತೆಯಲ್ಲಿ ಹೊರಟರೆ ಒಂದಿಡೀ ರಾತ್ರಿ ಬಸ್ಸಿನಲ್ಲೇ ಕಳೆಯಬೇಕು. ನಿಲ್ದಾಣದಲ್ಲಿ ಕಾದ ಹೊತ್ತನ್ನು ಹಾರಾಟ ಹಲವು ಪಟ್ಟು ತುಂಬಿಕೊಡುತ್ತದೆ. ಬೂವನಹಳ್ಳಿಯ ಮೊದಲ ವಿಮಾನಗಳು ಬೆಂಗಳೂರಿಗಲ್ಲ, ಈ ದೂರದ ಊರುಗಳಿಗೆ ಹೊರಡಬೇಕು. ಹೊಳೆನರಸೀಪುರ, ಅರಕಲಗೂಡಿನಿಂದ ಅವುಗಳ ವೇಳೆಗೆ ಸರಿಯಾಗಿ ಬಸ್ಸು ಬಿಡಬೇಕು.