ಎಸಿ ಕಚೇರಿಯಿಂದ ಸಂಸತ್ತಿಗೆ

ಎಸ್. ಶಶಿಕಾಂತ್ ಸೆಂಥಿಲ್ ತಮಿಳುನಾಡಿನವರು. ಐಎಎಸ್‌ನ 2009ರ ತಂಡದಲ್ಲಿ ಕರ್ನಾಟಕ ಕೇಡರಿಗೆ ಸೇರಿ, ಬಳ್ಳಾರಿಯಲ್ಲಿ ಉಪವಿಭಾಗಾಧಿಕಾರಿಯಾಗಿ, ಅಂದರೆ ಜನ ಕರೆಯುವಂತೆ ಎಸಿ ಸಾಹೇಬರಾಗಿ, ಕೆಲಸ ಆರಂಭಿಸಿದರು. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿದ್ದ ಕಾಲವದು. ಮುಂದೆ ಶಿವಮೊಗ್ಗ ಜಿಲ್ಲಾ ಪಂಚಾಯಿತಿ, ರಾಯಚೂರು, ದಕ್ಷಿಣ ಕನ್ನಡ. 2019ರ ಸೆಪ್ಟೆಂಬರ್ 6ರಂದು, ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಯಾಗಿದ್ದಾಗಲೇ ರಾಜೀನಾಮೆ ಕೊಟ್ಟರು. ಪ್ರಜಾಪ್ರಭುತ್ವದ ತಳಹದಿಯೇ ಸಡಿಲಗೊಳ್ಳುತ್ತಿರುವಾಗ ಸೇವೆಯಲ್ಲಿ ಮುಂದುವರಿಯುವುದು ಸರಿಯಲ್ಲ ಎಂಬುದು ಅವರ ಪತ್ರದ ಸಾರ. 2020ರಲ್ಲಿ ಕಾಂಗ್ರೆಸ್ ಸೇರಿದರು. 2024ರಲ್ಲಿ ತಿರುವಳ್ಳೂರಿನಿಂದ ಐದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದು ಲೋಕಸಭೆಗೆ ಹೋದರು.

ರಾಜಕೀಯಕ್ಕೆ ಬರಲು ಸೆಂಥಿಲ್ ಸೇವೆ ಬಿಡಲೇಬೇಕಿತ್ತು. ಸರ್ಕಾರಿ ನೌಕರ ಮತ ಹಾಕಬಹುದು, ಯಾರಿಗೆ ಹಾಕಿದೆನೆಂದು ಹೇಳುವಂತಿಲ್ಲ. ಪಕ್ಷದ ಸದಸ್ಯನಾಗುವಂತಿಲ್ಲ, ಪ್ರಚಾರ ಮಾಡುವಂತಿಲ್ಲ. ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಲಾಭದಾಯಕ ಹುದ್ದೆಯಲ್ಲಿರುವವರು ಸಂಸತ್ತಿಗೆ ಆಯ್ಕೆಯಾಗುವುದನ್ನು ಸಂವಿಧಾನದ 102ನೇ ವಿಧಿ, ಶಾಸನಸಭೆಗೆ ಆಯ್ಕೆಯಾಗುವುದನ್ನು 191ನೇ ವಿಧಿ ತಡೆಯುತ್ತವೆ. ಹಾಗಾಗಿ ಚುನಾವಣೆಗೆ ನಿಲ್ಲುವವರು ಮೊದಲು ಸೇವೆಯಿಂದ ಹೊರಬರಬೇಕು.

ಹೊರಬರುವುದು ಹೇಗೆ ಎಂಬಲ್ಲಿಯೇ ಹಲವರು ಎಡವುತ್ತಾರೆ. ಪತ್ರ ಬರೆದು ಮೇಲಿನವರಿಗೆ ಕೊಟ್ಟ ಕೂಡಲೇ ಕೆಲಸ ಬಿಟ್ಟಂತೆ ಎಂದು ತಿಳಿಯುವುದು ತಪ್ಪು. ರಾಜೀನಾಮೆ ಒಂದು ಕೋರಿಕೆ ಮಾತ್ರ. ಸರ್ಕಾರ ಅದನ್ನು ಅಂಗೀಕರಿಸಿ ಆದೇಶ ಹೊರಡಿಸುವವರೆಗೆ ಬರೆದವರು ನೌಕರರೇ. ನಾಮಪತ್ರ ಪರಿಶೀಲನೆಯ ದಿನ ಆ ಆದೇಶ ಇರದಿದ್ದರೆ ನಾಮಪತ್ರ ಬಿದ್ದುಹೋಗುತ್ತದೆ. ಮಧ್ಯಪ್ರದೇಶದ ಡೆಪ್ಯುಟಿ ಕಲೆಕ್ಟರ್ ನಿಶಾ ಬಾಂಗ್ರೆ 2023ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರೂ ಅಂಗೀಕಾರ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಅವರು ಬಯಸಿದ್ದ ಆಮ್ಲಾ ಕ್ಷೇತ್ರದ ಟಿಕೆಟ್ ಬೇರೆಯವರ ಪಾಲಾಗಿತ್ತು. ಕಾಶ್ಮೀರದ ಶಾ ಫೈಸಲ್ ಅವರದು ಇದರ ತಿರುವುಮುರುವು. 2019ರ ಜನವರಿಯಲ್ಲಿ ರಾಜೀನಾಮೆ ಕೊಟ್ಟು ಪಕ್ಷವನ್ನೇ ಕಟ್ಟಿದರು. ಅದು ಅಂಗೀಕಾರವಾಗಿರಲಿಲ್ಲ, 2022ರಲ್ಲಿ ಹಿಂಪಡೆದು ಮತ್ತೆ ಐಎಎಸ್‌ಗೆ ಮರಳಿದರು. ಒಂದು ಸಹಿ ಬೀಳುವುದು, ಬೀಳದಿರುವುದು ಇಬ್ಬರ ಬದುಕನ್ನು ಎರಡು ದಿಕ್ಕಿಗೆ ಒಯ್ದ ಈ ಸಂಗತಿಯನ್ನು ಆಡಳಿತಶಾಸ್ತ್ರದ ಪ್ರತಿ ತರಗತಿಯಲ್ಲೂ ಹೇಳಬೇಕು.

ಸ್ವಯಂ ನಿವೃತ್ತಿ ಬೇರೆಯದೇ ದಾರಿ. ಅದಕ್ಕೆ ನಿಗದಿತ ವರ್ಷಗಳ ಸೇವೆ ಮತ್ತು ಮುಂಚಿತ ನೋಟಿಸ್ ಬೇಕು. ನಿವೃತ್ತಿ ಸೌಲಭ್ಯಗಳು ಉಳಿಯುತ್ತವೆ. ರಾಜೀನಾಮೆಯಲ್ಲಾದರೆ ಹಳೆಯ ಪಿಂಚಣಿ ನಿಯಮದಡಿ ಹಿಂದಿನ ಸೇವೆಯೆಲ್ಲ ಲೆಕ್ಕಕ್ಕಿಲ್ಲ. ಭ್ರಷ್ಟಾಚಾರಕ್ಕಾಗಿ ವಜಾಗೊಂಡವರಿಗೆ ಚುನಾವಣೆಯ ದಾರಿಯೇ ಮುಚ್ಚಿರುತ್ತದೆ: 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಐದು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಫ್ರಾನ್ಸ್‌ನಲ್ಲಿ ಸಂಸತ್ತಿಗೆ ಆಯ್ಕೆಯಾದ ಅಧಿಕಾರಿ ಅವಧಿ ಮುಗಿದ ಮೇಲೆ ಸೇವೆಗೆ ಮರಳಬಹುದು. ಭಾರತದಲ್ಲಿ ರಾಜೀನಾಮೆ ಅಂಗೀಕಾರವಾಗಿ ರಾಜಕೀಯಕ್ಕಿಳಿದವರಿಗೆ ಅಂಥ ಅವಕಾಶವಿಲ್ಲ. ಅದಕ್ಕೇ ಇಲ್ಲಿ ಈ ನಿರ್ಧಾರಕ್ಕೆ ಎದೆಗಾರಿಕೆ ಬೇಕು.

ಹೊರಬಂದ ಮೇಲೆ ಅಧಿಕಾರದ ಸ್ವರೂಪವೇ ಬದಲಾಗುತ್ತದೆ. ಮೆಟ್ರಿಯಂಥ ಹಳ್ಳಿಯ ರೈತನೊಬ್ಬನ ಪಹಣಿಯಲ್ಲಿ ಹೆಸರು ತಪ್ಪಿದ್ದು, ತಹಶೀಲ್ದಾರರಲ್ಲಿ ನ್ಯಾಯ ಸಿಗದಿದ್ದರೆ ಆತ ಎಸಿ ಕೋರ್ಟಿಗೆ ಮೇಲ್ಮನವಿ ಹಾಕುತ್ತಾನೆ. ಎಸಿ ಆದೇಶ ಬರೆದರೆ ಪಹಣಿ ತಿದ್ದಬೇಕು. ಶಾಸಕರಿಗೆ, ಸಂಸದರಿಗೆ ಆ ಅಧಿಕಾರವಿಲ್ಲ; ಅವರು ಕಾನೂನನ್ನೇ ಬದಲಿಸುವ ಸಭೆಯಲ್ಲಿ ಒಂದು ಮತ ಮಾತ್ರ. ಆ ಮತವೂ ಪೂರ್ತಿ ಸ್ವಂತದ್ದಲ್ಲ. ಬೆಂಗಳೂರಿನ ಪೊಲೀಸ್ ಕಮಿಷನರ್ ಆಗಿದ್ದ ಎಚ್.ಟಿ. ಸಾಂಗ್ಲಿಯಾನ, ಶಂಕರ್‌ನಾಗ್ ಚಿತ್ರದಿಂದ ಮನೆಮಾತಾದ ಹೆಸರು, 2004ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫರನ್ನು ಸೋಲಿಸಿದರು. 2008ರ ಜುಲೈ 22ರಂದು ಅಮೆರಿಕದೊಂದಿಗಿನ ಅಣು ಒಪ್ಪಂದದ ಹಿನ್ನೆಲೆಯ ವಿಶ್ವಾಸಮತದಲ್ಲಿ ಪಕ್ಷದ ವಿಪ್ (ಹೀಗೆಯೇ ಮತ ಹಾಕಬೇಕೆಂಬ ಆದೇಶ) ಮೀರಿ ಸರ್ಕಾರದ ಪರ ಮತ ಹಾಕಿದ್ದಕ್ಕೆ ಪಕ್ಷ ಅವರನ್ನು ಉಚ್ಚಾಟಿಸಿತು. 2009ರಲ್ಲಿ ಬೆಂಗಳೂರು ಕೇಂದ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಸೋತರು.

ಜನಪ್ರಿಯ ಅಧಿಕಾರಿ ಗೆದ್ದೇ ಗೆಲ್ಲುತ್ತಾನೆ ಎಂಬ ನಂಬಿಕೆಗೂ ಆಧಾರವಿಲ್ಲ. ಸೆಂಥಿಲ್ ರಾಜೀನಾಮೆ ಕೊಟ್ಟ ವರ್ಷವೇ ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ ಕೆ. ಅಣ್ಣಾಮಲೈ ಕೂಡ ಸೇವೆ ಬಿಟ್ಟರು. ಅವರೂ ತಮಿಳುನಾಡಿನವರೇ. ತಮಿಳುನಾಡು ಬಿಜೆಪಿಯ ಅಧ್ಯಕ್ಷರಾದರು. ಆದರೆ 2021ರಲ್ಲಿ ಅರವಕುರಿಚಿಯಲ್ಲಿ, 2024ರಲ್ಲಿ ಕೊಯಮತ್ತೂರಿನಲ್ಲಿ ಸೋತರು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು 102 ಮತ್ತು 191ನೇ ವಿಧಿಗಳ ಜೊತೆಗೆ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿಯನ್ನೂ ಸಂವಿಧಾನದ ಕನ್ನಡ ಆವೃತ್ತಿಯಲ್ಲಿ ಒಮ್ಮೆ ಪೂರ್ತಿಯಾಗಿ ಓದಬೇಕು. ಗೈಡ್ ಪುಸ್ತಕದ ಎರಡು ಸಾಲು ಇದಕ್ಕೆ ಸಾಲದು.