ಮಾವು ಒಂದು ವರ್ಷ ಬಿಡುತ್ತೆ, ಒಂದು ವರ್ಷ ಕೈಕೊಡುತ್ತೆ – ಯಾಕೆ?

ಸಾಸಲು, ತೂಬಗೆರೆ, ದೊಡ್ಡಬೆಳವಂಗಲದ ಕಡೆ ಬದುವಿನ ಮೇಲೋ ಹಿತ್ತಲಿನಲ್ಲೋ ನಾಲ್ಕಾರು ಮಾವಿನ ಮರ ಇಟ್ಟುಕೊಂಡವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. "ಹೋದ ವರ್ಷ ಕೊಂಬೆ ಬಾಗೋ ಹಾಗೆ ಬಿಟ್ಟಿತ್ತು; ಈ ವರ್ಷ ಮನೆ ಉಪ್ಪಿನಕಾಯಿಗೂ ಸಾಲದು" ಅಂತ. ಮರಕ್ಕೆ ದೃಷ್ಟಿ ತಾಗಿತು ಎಂದು ಕೆಲವರು ಹಳೇ ಪೊರಕೆ, ಹರಕು ಚಪ್ಪಲಿ ಕಟ್ಟುತ್ತಾರೆ. ಇನ್ನು ಕೆಲವರು ಬೇಸತ್ತು ಕೊಡಲಿ ಹಿಡಿಯುತ್ತಾರೆ. ಮಾವಿನ ದುಡ್ಡು ಬರುತ್ತದೆ ಎಂದು ಲೆಕ್ಕ ಹಾಕಿ ಸಾಲ ತಂದವರ ಪಾಡಂತೂ ಕೇಳಲೇ ಬೇಡಿ. ಮರ ಮುನಿಸಿಕೊಂಡಿಲ್ಲ. ಅದಕ್ಕೂ ಒಂದು ಜಮಾಖರ್ಚು ಉಂಟು. ಆ ಲೆಕ್ಕ ನಮಗೆ ತಿಳಿದರೆ ನಷ್ಟದ ಅರ್ಧ ಪಾಲನ್ನು ತಪ್ಪಿಸಬಹುದು.

ಮೊದಲು, ಹೂ ಎಲ್ಲಿ ಬರುತ್ತದೆ ಎಂಬುದನ್ನು ನೋಡೋಣ. ಸೀಬೆ ಗಿಡದಲ್ಲಿ ಹೊಸ ಚಿಗುರಿನ ಮೇಲೇ ಹೂ ಬರುತ್ತದೆ. ಚಿಗುರಿದಾಗಲೆಲ್ಲ ಹೂ, ಹಾಗಾಗಿ ಸೀಬೆ ಸಾಮಾನ್ಯವಾಗಿ ನಿರಾಸೆ ಮಾಡುವುದಿಲ್ಲ. ತೆಂಗಿನ ಮರದಲ್ಲಿ ಗರಿಗರಿಯ ಕಂಕುಳಲ್ಲೂ ಒಂದೊಂದು ಹೊಂಬಾಳೆ ಹುಟ್ಟುತ್ತದೆ. ಅದು ವರ್ಷವೆಲ್ಲ ಕೊಡುತ್ತಾ ಹೋಗುತ್ತದೆ. ಮಾವಿನ ರೀತಿ ಬೇರೆ. ಅದರ ಹೂಗೊಂಚಲು ಹೆಚ್ಚಾಗಿ ರೆಂಬೆಯ ತುದಿಯಲ್ಲೇ ಬರಬೇಕು. ಆ ರೆಂಬೆ ಎಳೆಯದಾಗಿದ್ದರೆ ಆಗದು. ಚಿಗುರು ಒಡೆದು, ಎಲೆ ಬಲಿತು, ಕಡುಹಸಿರಾಗಿ, ನಾಲ್ಕಾರು ತಿಂಗಳಾದರೂ ಕಳೆದಿರಬೇಕು. ಡಿಸೆಂಬರ್, ಜನವರಿಯಲ್ಲಿ ಹೂ ಬರಬೇಕಾದರೆ ಜುಲೈ, ಆಗಸ್ಟ್ ಹೊತ್ತಿಗೆ ಚಿಗುರು ಹೊರಟಿರಬೇಕು ಎಂದಾಯಿತು.

ಈಗ ಗಂಟು ಎಲ್ಲಿದೆ ನೋಡಿ. ಈ ವರ್ಷ ಕಾಯಿ ಹೊತ್ತ ತುದಿ, ಕಾಯಿ ಇಳಿಯುವವರೆಗೂ ಚಿಗುರಲಾರದು. ಮರ ಎಲೆಯಲ್ಲಿ ತಯಾರಿಸಿದ ಅನ್ನವೂ ತೊಗಟೆ, ಕೊಂಬೆ, ಬೇರಿನಲ್ಲಿ ಕೂಡಿಟ್ಟ ಪಿಷ್ಟವೂ ಕಾಯಿಯ ಪಾಲಾಗುತ್ತವೆ. ಸಾಲದೆಂಬಂತೆ, ಕಾಯೊಳಗಿನ ಎಳೆಯ ಬೀಜದಿಂದ ಹೊರಡುವ ಒಂದು ರಸ, ಅಂದರೆ ಜಿಬ್ಬರೆಲಿನ್ ಎಂಬ ಚೋದಕ, ಮುಂದಿನ ಹೂಮೊಗ್ಗು ಕಟ್ಟುವುದನ್ನು ತಡೆಯುತ್ತದೆ. ಮಿತಿಮೀರಿ ಹೊತ್ತ ಮರ ಕಾಯಿ ಇಳಿದ ಮೇಲೆ ಬಾಣಂತಿಯ ಹಾಗೆ ಬಳಲಿರುತ್ತದೆ. ಚಿಗುರು ಬರುವುದೇ ಇಲ್ಲ, ಬಂದರೂ ತಡವಾಗಿ ಬರುತ್ತದೆ. ಚಳಿಗಾಲಕ್ಕೆ ಅದು ಬಲಿತಿರುವುದಿಲ್ಲ, ಹೂ ಇಲ್ಲ. ಆ ವರ್ಷ ಕಾಯಿ ಇಲ್ಲದ್ದರಿಂದ ಮರ ಚೆನ್ನಾಗಿ ಚಿಗುರಿ ಶಕ್ತಿ ಕೂಡಿಡುತ್ತದೆ. ಮುಂದಿನ ವರ್ಷ ಮತ್ತೆ ಮೈತುಂಬ ಹೂ. ಹೀಗೆ ಒಂದು ವರ್ಷ ದುಡಿಮೆ, ಒಂದು ವರ್ಷ ವಿಶ್ರಾಂತಿ. ಹುಣಸೆ ಮರದಲ್ಲೂ ಈ ಏರಿಳಿತವನ್ನು ನೀವೇ ಕಂಡಿದ್ದೀರಿ.

ಎಲ್ಲಾ ಜಾತಿಯೂ ಒಂದೇ ಸಮ ಅಲ್ಲ. ಬಾದಾಮಿಯಲ್ಲಿ ಈ ಏರಿಳಿತ ಜಾಸ್ತಿ. ತೋತಾಪುರಿ ಮತ್ತು ನೀಲಂ ಹೆಚ್ಚುಕಡಿಮೆ ಪ್ರತಿವರ್ಷವೂ ಬಿಡುತ್ತವೆ. ಅದಕ್ಕೇ ವಿಜ್ಞಾನಿಗಳು ನೀಲಂ ಜೊತೆ ಬೇರೆ ಜಾತಿ ಕೂಡಿಸಿ ಹೊಸ ತಳಿ ಮಾಡಿದರು. ದಶೇರಿ ಮತ್ತು ನೀಲಂ ಕೂಡಿ ಹುಟ್ಟಿದ್ದು ಆಮ್ರಪಾಲಿ. ನಮ್ಮ ಪಕ್ಕದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬಾದಾಮಿ ಮತ್ತು ನೀಲಂ ಕೂಡಿಸಿ ಅರ್ಕಾ ನೀಲಕಿರಣ್, ಬಾದಾಮಿ ಮತ್ತು ಬಂಗನಪಲ್ಲಿ ಕೂಡಿಸಿ ಅರ್ಕಾ ಪುನೀತ್ ಮಾಡಿದ್ದಾರೆ. ಹೊಸದಾಗಿ ಸಸಿ ನೆಡುವವರು ಬರೀ ಬಾದಾಮಿ ನೆಡದೆ, ವರ್ಷವೂ ಬಿಡುವ ಜಾತಿಯನ್ನೂ ಸೇರಿಸಿ ನೆಟ್ಟರೆ ಮನೆಗೆ ಆಧಾರ.

ಇನ್ನು ಹವೆಯ ಮಾತು. ಬಲಿತ ರೆಂಬೆ ಇದ್ದರೂ ಹೂ ಹೊರಡಲು ಎರಡು ಬೇಕು: ತಂಪಾದ ರಾತ್ರಿ, ಒಣಗಿದ ನೆಲ. ಚಿತ್ತೆ, ಸ್ವಾತಿ ಮಳೆ ಮುಗಿದು, ನವೆಂಬರಿನಿಂದ ನೆಲ ಆರಿ, ಚಳಿ ಹಿಡಿದರೆ ಮರ ಎಲೆಯ ಯೋಚನೆ ಬಿಟ್ಟು ಹೂವಿನ ಕಡೆ ತಿರುಗುತ್ತದೆ. ಆಗಲೂ ಮಳೆ ಬಿಡದೆ ಸುರಿದರೆ ಹೂವಿನ ಬದಲು ಕೆಂಪು ಚಿಗುರು ಬರುತ್ತದೆ. 2021ರ ನವೆಂಬರಿನಲ್ಲಿ ಬೆಂಗಳೂರು, ಕೋಲಾರ ಸೀಮೆಯಲ್ಲಿ ಮಳೆ ಹಿಡಿದು ಕೂತದ್ದು ನಿಮಗೆ ನೆನಪಿರಬೇಕು. 2022ರಲ್ಲಿ ಹೂ ತಡವಾಯಿತು, ಫಸಲು ಇಳಿಯಿತು. ಅಂಥ ವರ್ಷದ ತಪ್ಪು ಮರದ್ದೂ ಅಲ್ಲ, ನಿಮ್ಮದೂ ಅಲ್ಲ.

"ಹೂವೇನೋ ಬಂತು ಸ್ವಾಮಿ, ಕಾಯಿ ನಿಲ್ಲಲಿಲ್ಲ" ಅನ್ನುವವರೂ ಇದ್ದಾರೆ. ಅದು ಬೇರೆ ಸಂಗತಿ. ಇದರ ಜೊತೆ ಬೆರೆಸಬೇಡಿ. ಒಂದು ಗೊಂಚಲಿನಲ್ಲಿ ನೂರಾರು, ಸಾವಿರಾರು ಹೂ ಇರುತ್ತವೆ. ಅವುಗಳಲ್ಲಿ ಬಹುಪಾಲು ಗಂಡು ಹೂ. ಕಾಯಿ ಕಟ್ಟಬಲ್ಲ ಹೂವಿಗೂ ನೊಣ, ಜೇನು ಬಂದು ಪರಾಗ ಮುಟ್ಟಿಸಬೇಕು. ಒಂದು ಗೊಂಚಲಿನಲ್ಲಿ ಒಂದೆರಡು ಹಣ್ಣು ನಿಂತರೆ ಅದೇ ಭರ್ತಿ ಫಸಲು. ಆದರೆ ಹೂವಿನ ಮೇಲೆ ಬಿಳಿ ಬೂದಿ ಕಂಡರೆ ಬೂದಿರೋಗ. ಎಲೆಯ ಮೇಲೆ ಅಂಟು ಸುರಿದು ಕಪ್ಪು ಹಿಡಿದರೆ ಜಿಗಿಹುಳು. ಬೂದಿರೋಗಕ್ಕೆ ನೀರಿನಲ್ಲಿ ಕದಡುವ ಗಂಧಕದ ಪುಡಿಯನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ ಸಿಂಪಡಿಸಿ. ಜಿಗಿಹುಳುವಿಗೆ ಔಷಧಿ ಬೇಕಾದರೆ ಗೊಂಚಲು ಹೊರಡುವಾಗಲೇ ಹೊಡೆಯಿರಿ. ಹೂ ಪೂರಾ ಅರಳಿ ನಿಂತಾಗ ಕೀಟನಾಶಕ ಹೊಡೆದರೆ ಜೇನು ಸಾಯುತ್ತದೆ. ಕಾಯಿಯನ್ನು ನಾವೇ ಕಳೆದುಕೊಂಡ ಹಾಗೆ.

ಹಾಗಾದರೆ ಮಾಡಬೇಕಾದ್ದೇನು? ಕೆಲಸವೆಲ್ಲ ಕಾಯಿ ಇಳಿಸಿದ ಮರುದಿನದಿಂದಲೇ ಶುರು. ನಮ್ಮಲ್ಲಿ ಎಷ್ಟೋ ಜನ ಕಾಯಿ ಮಾರಿದ ಮೇಲೆ ಮರದ ಕಡೆ ತಿರುಗಿ ನೋಡುವುದು ಹೂ ಬಂದ ಮೇಲೆಯೇ. ಆಗ ನೋಡಿ ಪ್ರಯೋಜನ ಅಷ್ಟಕ್ಕಷ್ಟೆ.

ಒಂದು: ಬಲಿತ ಕಾಯಿಯನ್ನು ಮರದಲ್ಲೇ ಬಹಳ ದಿನ ಬಿಡಬೇಡಿ. ಇಳಿಸಿದ ಕೂಡಲೇ ಹಳೇ ಗೊಂಚಲ ಕಡ್ಡಿ, ಒಣರೆಂಬೆ, ಬಂದಳಿಕೆ, ಒಂದಕ್ಕೊಂದು ಉಜ್ಜುವ ಕೊಂಬೆ ತೆಗೆದು, ಮರದ ನಡುವೆ ಬಿಸಿಲು ಬೀಳುವ ಹಾಗೆ ಮಾಡಿ. ದೊಡ್ಡ ಗಾಯಕ್ಕೆ ಬೋರ್ಡೊ ಮುಲಾಮು ಬಳಿಯಿರಿ. ಈ ಕೆಲಸವನ್ನು ಅಕ್ಟೋಬರಿಗೆ ತಳ್ಳಿದರೆ ಚಿಗುರು ತಡವಾಗಿ, ಹೂವೇ ತಪ್ಪುತ್ತದೆ.

ಎರಡು: ಜೂನ್, ಜುಲೈನಲ್ಲಿ ನೆಲ ಹದವಾಗಿದ್ದಾಗ ಗೊಬ್ಬರ ಕೊಡಿ. ಹತ್ತು ವರ್ಷ ದಾಟಿದ ಮರಕ್ಕೆ ವರ್ಷಕ್ಕೆ ಸುಮಾರು 50 ಕಿಲೋ ಕೊಟ್ಟಿಗೆ ಗೊಬ್ಬರ, ಜೊತೆಗೆ ಸಾರಜನಕ 730, ರಂಜಕ 180, ಪೊಟ್ಯಾಷ್ 680 ಗ್ರಾಂ ಬೇಕು. ಅಂಗಡಿ ಲೆಕ್ಕದಲ್ಲಿ ಯೂರಿಯಾ 1.6 ಕಿಲೋ, ಸೂಪರ್ ಫಾಸ್ಫೇಟ್ 1.1 ಕಿಲೋ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 1.1 ಕಿಲೋ. ಬುಡಕ್ಕೇ ಸುರಿಯಬೇಡಿ, ಉಣ್ಣುವ ಬೇರು ಅಲ್ಲಿಲ್ಲ. ಮಧ್ಯಾಹ್ನದ ನೆರಳಿನ ಅಂಚಿನ ಒಳಗೆ ಸುತ್ತ ಪಾತಿ ತೆಗೆದು ಹಾಕಿ ಮುಚ್ಚಿ.

ಮೂರು: ಮರದ ನಡುವೆ ಅವರೆ, ಅಲಸಂದೆ, ಹುರುಳಿ ಹಾಕಿ, ನೆಲಕ್ಕೂ ಒಳ್ಳೆಯದು, ಕಾಯಿ ಇಲ್ಲದ ವರ್ಷ ಮನೆಗೂ ಆದಾಯ. ಕೊಳವೆಬಾವಿ ಇರುವವರು ನವೆಂಬರಿನಿಂದ ಹೂ ಬರುವವರೆಗೂ ಮರಕ್ಕೆ ನೀರು ಬಿಡಬಾರದು. ಹೀಚು ಬಟಾಣಿ ಗಾತ್ರವಾದ ಮೇಲೆ ನೀರು ಕೊಡಿ. ಬುಡದ ಸುತ್ತ ತರಗು, ಹುಲ್ಲು ಹೊದಿಸಿ.

ನಾಲ್ಕು: ಕಸಿ ಗಿಡಕ್ಕೆ ಮೊದಲ ಮೂರು ನಾಲ್ಕು ವರ್ಷ ಬಂದ ಹೂವನ್ನು ಚಿವುಟಿ ಹಾಕಿ. ಕೈಗೆಟುಕುವ ಮರದಲ್ಲಿ ಹೂ ಮಿತಿಮೀರಿ ಬಂದ ವರ್ಷ ಕೆಲವು ರೆಂಬೆಗಳ ಗೊಂಚಲನ್ನು ತೆಗೆದರೆ, ಆ ರೆಂಬೆಗಳು ಚಿಗುರಿ ಮುಂದಿನ ವರ್ಷಕ್ಕೆ ಸಿದ್ಧವಾಗುತ್ತವೆ. ಹೂ ಕೀಳಲು ಕೈ ಬರುವುದಿಲ್ಲ ನಿಜ. ಒಂದೇ ಮರದಲ್ಲಿ ಮಾಡಿ ನೋಡಿ, ಆಮೇಲೆ ಮುಂದುವರಿಸಿ.

ಗುತ್ತಿಗೆ ಕೊಡುವವರಿಗೆ ಒಂದು ಎಚ್ಚರಿಕೆ. ಪ್ಯಾಕ್ಲೊಬ್ಯುಟ್ರಜಾಲ್ ಎಂಬ ಔಷಧಿ ಇದೆ. ಬುಡದ ಮಣ್ಣಿಗೆ ಹಾಕಿದರೆ ಚಿಗುರನ್ನು ತಡೆದು ಹೂ ತರಿಸುತ್ತದೆ. ಬಿಡದ ವರ್ಷವೂ ಬಿಡಿಸುತ್ತದೆ. ಆದರೆ ಅದು ಮರಕ್ಕೆ ಊಟ ಅಲ್ಲ, ಚಾಟಿ. ಗೊಬ್ಬರ ನೀರಿಲ್ಲದ ಬಡಕಲು ಮರಕ್ಕೆ ಮೇಲಿಂದ ಮೇಲೆ ಹಾಕಿದರೆ ಮರ ಸೊರಗುತ್ತದೆ. ಮಣ್ಣಿನಲ್ಲೂ ಅದು ಬೇಗ ಕರಗಿಹೋಗುವುದಿಲ್ಲ. ಗುತ್ತಿಗೆದಾರನಿಗೆ ಬೇಕಾದ್ದು ಅವನ ವಾಯಿದೆಯ ಫಸಲು. ಮರ ಇರುವುದು ನಿಮ್ಮ ಮಕ್ಕಳ ಕಾಲಕ್ಕೆ. ನಿಮ್ಮ ಒಪ್ಪಿಗೆ ಇಲ್ಲದೆ ಬುಡಕ್ಕೆ ಏನನ್ನೂ ಹಾಕಕೂಡದು, ಇಂಥ ದಿನದೊಳಗೆ ಕಾಯಿ ಇಳಿಸಬೇಕು ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಗುತ್ತಿಗೆ ಹಣದಲ್ಲಿ ಗೊಬ್ಬರದ ಪಾಲನ್ನು ಮೊದಲೇ ಎತ್ತಿಡಿ.

ಕೊನೆಯದಾಗಿ, ತಾಯಂದಿರಿಗೆ ಒಂದು ಮಾತು. ಮನೆಯ ಕ್ಯಾಲೆಂಡರಿನಲ್ಲಿ ಯಾವ ಮರ ಯಾವಾಗ ಚಿಗುರಿತು, ಯಾವಾಗ ಹೂವಾಯಿತು, ಎಷ್ಟು ಬುಟ್ಟಿ ಇಳಿಯಿತು ಎಂದು ಗುರುತು ಹಾಕುತ್ತಾ ಬನ್ನಿ. ನಾಲ್ಕು ವರ್ಷದಲ್ಲಿ ನಿಮ್ಮ ಮರದ ಸ್ವಭಾವ ನಿಮಗೇ ತಿಳಿಯುತ್ತದೆ. ಹುಲುಸು ವರ್ಷದ ದುಡ್ಡು ಎರಡು ವರ್ಷದ ದುಡ್ಡು ಎಂದು ತಿಳಿದು ಖರ್ಚು ಮಾಡಿ. ಬರಲಿರುವ ಫಸಲನ್ನು ನಂಬಿ ಸಾಲ ಎತ್ತಬೇಡಿ. ಹೆಚ್ಚಿನ ವಿಷಯಕ್ಕೆ ನಮ್ಮ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಬಿಡದ ಮರಕ್ಕೆ ಕೊಡಲಿ ಹಾಕುವ ಮೊದಲು ಒಂದು ಮಳೆಗಾಲ ಗೊಬ್ಬರ ಹಾಕಿ ನೋಡಿ.