ಚಿಟ್ಟೆ ಸಾಕಣೆಯ ಬಲೆಮನೆಗಳ ಶುಚಿತ್ವ ಹಾಗೂ ನಿರ್ವಹಣೆ

ದೇಶದ ಮೊದಲ ಚಿಟ್ಟೆ ಉದ್ಯಾನವು 2006ರಲ್ಲಿ ಬನ್ನೇರುಘಟ್ಟದಲ್ಲಿ ಆರಂಭವಾಯಿತು. ಅಲ್ಲಿನ ಒಣ ಬಯಲುಸೀಮೆಯ ಹವೆಗೆ ಒಗ್ಗಿದ ಕ್ರಮಗಳು ಕಾರವಾರ, ಅಂಕೋಲಾ ತಾಲ್ಲೂಕುಗಳಿಗೆ ಯಥಾವತ್ತಾಗಿ ಹೊಂದುವುದಿಲ್ಲ. ಕರಾವಳಿಯಲ್ಲಿ ಬಲೆಮನೆ ಕಟ್ಟುವುದಕ್ಕಿಂತ ಅದನ್ನು ಒಣಗಿಸಿ ಇಡುವುದೇ ಕಷ್ಟದ ಕೆಲಸ ಎಂಬುದನ್ನು ಶಾಲಾವನ ಅಥವಾ ಉದ್ಯಾನದಲ್ಲಿ ಇಂತಹ ಆವರಣವನ್ನು ಯೋಜಿಸುವ ಗ್ರಾಮ ಪಂಚಾಯಿತಿಗಳು ಮೊದಲೇ ಮನಗಾಣತಕ್ಕದ್ದು.

ಇದಕ್ಕೆ ಕಾರಣವನ್ನು ರಾಜ್ಯದ ರೇಷ್ಮೆ ಕೃಷಿಕರು ಚೆನ್ನಾಗಿ ಬಲ್ಲರು. ರೇಷ್ಮೆಹುಳುವನ್ನು ಕಾಡುವ ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು ರೋಗಗಳಂತೆಯೇ ವೈರಾಣು, ಬ್ಯಾಕ್ಟೀರಿಯ ಹಾಗೂ ಶಿಲೀಂಧ್ರಗಳಿಂದ ಬರುವ ರೋಗಗಳು ಚಿಟ್ಟೆಯ ಹುಳುಗಳಿಗೂ ತಗಲುತ್ತವೆ. ಹಿಕ್ಕೆ, ಬಾಡಿದ ಎಲೆ ಮತ್ತು ತೇವ ಒಂದೆಡೆ ಸೇರಿದರೆ ಕೆಲವೇ ದಿನಗಳಲ್ಲಿ ಇಡೀ ತಂಡ ನಾಶವಾಗಬಹುದು. ಅಂತಹ ಆವರಣದಿಂದ ಹೊರಬಿಟ್ಟ ಚಿಟ್ಟೆಗಳು ರೋಗವನ್ನು ಸುತ್ತಲಿನ ಕಾಡಿಗೂ ಒಯ್ಯಬಲ್ಲವು. ಹಾನಿ ಬಲೆಯೊಳಗೆ ಮುಗಿಯುವುದಿಲ್ಲ.

ಆದ್ದರಿಂದ ಹಿಕ್ಕೆಯನ್ನು ಪ್ರತಿದಿನ ಬೆಳಿಗ್ಗೆ ತೆಗೆಯಬೇಕು. ತಟ್ಟೆಗಳಿಗೆ ಹಾಸಿದ ಕಾಗದವನ್ನು ಹಿಕ್ಕೆಸಹಿತ ಸುತ್ತಿ ಹೊರಹಾಕುವುದು ಸುಲಭದ ವಿಧಾನ. ಕಪ್ಪಾಗಿ ಜೋತುಬಿದ್ದ ಹುಳುವನ್ನು ಕೈಯಿಂದ ಮುಟ್ಟದೆ ಚಿಮಟದಿಂದ ತೆಗೆದು ಸುಡಬೇಕು ಅಥವಾ ಸುಣ್ಣ ಹಾಕಿ ಹೂಳಬೇಕು. ಕರಿಬೇವು, ನಿಂಬೆ, ಎಕ್ಕ, ಈಶ್ವರಿ ಬಳ್ಳಿ ಮುಂತಾದ ಆಹಾರ ಸಸ್ಯಗಳ ಎಲೆಗಳನ್ನು ತೊಳೆದು, ನೀರು ಆರಿದ ಬಳಿಕವೇ ಕೊಡಬೇಕು. ಕೀಟನಾಶಕ ಸಿಂಪಡಿಸಿದ ಮಾವಿನ ತೋಪಿನಿಂದ ಎಲೆ ತರಲೇಬಾರದು. ದೊಡ್ಡ ಚಿಟ್ಟೆಗಳಿಗೆ ಇಡುವ ಕಳಿತ ಹಣ್ಣನ್ನು ದಿನಕ್ಕೊಮ್ಮೆ ಬದಲಿಸದಿದ್ದರೆ ಇರುವೆಗಳು ಸಾಲುಗಟ್ಟುತ್ತವೆ. ಆವರಣದ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸುವ ಹಳೆಯ ಉಪಾಯ ಇಲ್ಲಿಯೂ ಸಲ್ಲುತ್ತದೆ. ಸೊಳ್ಳೆ ಮೊಟ್ಟೆಯಿಡದಂತೆ ಆ ನೀರನ್ನು ಆಗಾಗ ಚೆಲ್ಲಿ ತುಂಬುತ್ತಿರಬೇಕು.

ಒಂದು ತಂಡದ ಸಾಕಣೆ ಮುಗಿದ ಕೂಡಲೇ ಆವರಣವನ್ನು ಸಂಪೂರ್ಣ ತೆರವುಗೊಳಿಸಿ ಸೋಂಕುನಿವಾರಣೆ ಮಾಡತಕ್ಕದ್ದು. ರೇಷ್ಮೆ ಸಾಕಣೆ ಮನೆಗಳಲ್ಲಿ ರೂಢಿಯಲ್ಲಿರುವ ಪ್ರಮಾಣವೇ ಇದಕ್ಕೂ ಸಾಕು: ಒಂದು ಲೀಟರ್ ನೀರಿಗೆ 20 ಗ್ರಾಂ ಬ್ಲೀಚಿಂಗ್ ಪೌಡರ್ ಹಾಗೂ 3 ಗ್ರಾಂ ಅರಳಿದ ಸುಣ್ಣ. ಕುಡಿಯುವ ನೀರಿನ ಬಾವಿಗಳಿಗೆಂದು ಪಂಚಾಯಿತಿಯಲ್ಲಿ ಈ ಪುಡಿ ಇದ್ದೇ ಇರುತ್ತದೆ. ಆದರೆ ಬಾಯಿ ತೆರೆದ ಚೀಲದಲ್ಲಿ ತೇವ ಹೀರಿ ಗಟ್ಟಿಯಾದ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ. ಕೈಗವಸು ಧರಿಸಿ ತೊಳೆದು, ಅರ್ಧ ಗಂಟೆಯ ನಂತರ ಶುದ್ಧ ನೀರು ಹಾಯಿಸಿ, ವಾಸನೆ ಪೂರ್ಣ ಹೋಗುವವರೆಗೆ ಬಿಸಿಲಿಗೆ ಬಿಡಬೇಕು. ಈ ದ್ರಾವಣ ಮತ್ತು ಕಡಲ ಉಪ್ಪುಗಾಳಿ ಎರಡೂ ಕಬ್ಬಿಣವನ್ನು ತಿನ್ನುವುದರಿಂದ ಕಬ್ಬಿಣದ ಜಾಲರಿಯ ಬದಲು ನೈಲಾನ್ ಬಲೆಯೇ ಲೇಸು. ಹರಿದ ಬಲೆಯನ್ನು ಅಂದೇ ಹೊಲಿಯಬೇಕು; ಊಜಿ ನೊಣದ ಜಾತಿಯ ಪರಾವಲಂಬಿ ನೊಣಗಳಿಗೆ ಸಣ್ಣ ತೂತೇ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ದೊರೆಯದ ಕಾರಣ ಆ ಅವಧಿಯಲ್ಲಿ ಹುಳುಗಳ ಸಂಖ್ಯೆ ತಗ್ಗಿಸುವುದು ಅಥವಾ ಸಾಕಣೆಯನ್ನೇ ನಿಲ್ಲಿಸುವುದು ವಿವೇಕದ ನಡೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅನುಸೂಚಿಗಳಲ್ಲಿ ಹಲವು ಚಿಟ್ಟೆಗಳು ಸೇರಿರುವುದರಿಂದ ಕಾಡಿನಿಂದ ಮೊಟ್ಟೆ, ಹುಳು ತರುವ ಮುನ್ನ ಅರಣ್ಯ ಇಲಾಖೆಯನ್ನು ಸಂಪರ್ಕಿಸತಕ್ಕದ್ದು.

ಸೊಳ್ಳೆ ನಿಯಂತ್ರಣದ ಹೊಗೆ ಹಾಯಿಸುವಿಕೆಯೂ ಹುಳುಗಳಿಗೆ ಮಾರಕ. ಡೆಂಗೀ, ಮಲೇರಿಯಾ ತಡೆಗೆ ಅದನ್ನು ಬಿಡಲಾಗದು. ಆದುದರಿಂದ ಹೊಗೆ ಹಾಯಿಸುವ ದಿನವನ್ನು ಮುಂಚಿತವಾಗಿ ಆವರಣದ ಉಸ್ತುವಾರಿ ಇರುವವರಿಗೆ ತಿಳಿಸಿ, ಹುಳುಗಳ ತಟ್ಟೆಗಳನ್ನು ಮುಚ್ಚಿದ ಕೋಣೆಗೆ ಸಾಗಿಸಲು ಅವಕಾಶ ನೀಡಬೇಕು. ಹೊಗೆ ತಗಲಿದ ಗಿಡಗಳ ಎಲೆಯನ್ನು ಮತ್ತೆ ಆಹಾರವಾಗಿ ಕೊಡಬಾರದು.